ಪಿಳ್ಳಮ್ಮನ ಮಗ ಪಿಕಪ್ ತಂದದ್ದು

ಇದು ನಡೆದದ್ದು ಮೂರು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ವಾರದಲ್ಲಿ.

ಕೋಲಾರದ ಕಡೆ ಹುಣಸೇಗುಂಟೆ ಅಂತ ಒಂದು ಊರು. ಆ ಊರಲ್ಲಿ ಪಿಳ್ಳಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಚಂಗಲರಾಯ. ಮೈಯಲ್ಲಿ ಎರಡಾಳಿನ ಬಲ. ತಲೆಯಲ್ಲಿ ಮಾತ್ರ ಯಾರು ಏನು ಹೇಳಿದರೋ ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

"ಲೋ ಚಂಗಾ, ಒಲೆ ಮೇಲೆ ಹಾಲಿದೆ, ಉಕ್ಕುತ್ತೇನೋ ನೋಡ್ತಿರು" ಅಂದರೆ ನೋಡುತ್ತಾ ಕೂರುತ್ತಿದ್ದ. ಉಕ್ಕಿ ಒಲೆ ಆರುವ ತನಕ ನೋಡಿ, "ಉಕ್ಕಿತಮ್ಮ" ಅನ್ನುತ್ತಿದ್ದ.

ಇಂಥವನಿಗೆ ಡ್ರೈವಿಂಗ್ ಲೈಸೆನ್ಸ್ ಇತ್ತು. ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಎಡಕ್ಕೆ ಅಂದರು, ಎಡಕ್ಕೆ ತಿರುಗಿಸಿದ. ನಿಲ್ಲಿಸು ಅಂದರು, ನಿಲ್ಲಿಸಿದ. ಇಳಿ ಅನ್ನುವುದನ್ನು ಮರೆತು ಅವರು ಊಟಕ್ಕೆ ಹೋದರು. ಊಟ ಮುಗಿಸಿ ಬಂದಾಗಲೂ ಇವನು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕೂತಿದ್ದ. ಇಂಥ ಶಿಸ್ತು ನಾನು ನೋಡೇ ಇಲ್ಲ ಅಂತ ಪಾಸು ಮಾಡಿಬಿಟ್ಟರು.

ಪಿಳ್ಳಮ್ಮನ ಹೊಲದಲ್ಲಿ ಟೊಮೆಟೊ ಬಣ್ಣಕ್ಕೆ ತಿರುಗುತ್ತಿತ್ತು. ಗುರುವಾರ ಮೊದಲ ಕೊಯ್ಲು. ಹೋದ ಬೆಳೆಯನ್ನು ಎತ್ತಿನ ಗಾಡಿಯಲ್ಲಿ ಕಳಿಸಿದ್ದಳು. ಅದು ಮಾರ್ಕೆಟ್ ಮುಟ್ಟುವಷ್ಟರಲ್ಲಿ ಹರಾಜು ಮುಗಿದು, ಹಣ್ಣು ಕೇಳುವವರಿಲ್ಲದೆ ದನಕ್ಕೆ ಸುರಿದು ಬಂದಿದ್ದರು. ಈ ಸಲ ಹಾಗಾಗಬಾರದು ಅಂತ ಎತ್ತುಗಳನ್ನು ಮಾರಿದ್ದಳು. ಇದ್ದ ಚಿನ್ನವನ್ನೂ ಮಾರಿದ್ದಳು. ಒಂದು ಹಳೇ ಪಿಕಪ್ ಕೊಳ್ಳಬೇಕು, ಗುರುವಾರದೊಳಗೆ ಕೊಳ್ಳಬೇಕು. ತಾನೇ ಹೋಗೋಣ ಅಂದರೆ ಮೊಣಕಾಲು ಊದಿಕೊಂಡು ಬಸ್ಸಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ದನದ ಸಂತೆಯಲ್ಲಿ ಪಿಳ್ಳಮ್ಮನ ಕಣ್ಣು ತಪ್ಪಿಸಿದ ದಲ್ಲಾಳಿ ಇಲ್ಲ. ಗಾಡಿ ವಿಷಯ ಮಾತ್ರ ಅವಳಿಗೂ ಹೊಸದು. ಸೋಮವಾರ ಬೆಳಗ್ಗೆ ಮಗನನ್ನು ಕರೆದಳು.

"ಚಂಗಾ, ಪೇಟೆಯಲ್ಲಿ ಅರೋಕ್ಯಪ್ಪ ಅಂತ ಹಳೇ ಗಾಡಿ ಮಾರ್ತಾನೆ. ಹೋಗಿ ಒಂದು ಪಿಕಪ್ ನೋಡು. ಎತ್ತು ನೋಡೋ ಹಾಗೆ ನೋಡಬೇಕು. ಮುದಿಯದ್ದು ಬೇಡ, ಎಳೇದು ಬೇಕು. ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡ."

"ಆಗಲಮ್ಮ" ಅಂದ. ಬಸ್ಸು ಹತ್ತಿದ.

ಅರೋಕ್ಯಪ್ಪ ಒಳ್ಳೆಯ ಮನುಷ್ಯ. ಒಂದು ಬಿಳೀ ಪಿಕಪ್ ತೋರಿಸಿದ. "ಒಬ್ಬರೇ ಓನರ್ ತಮ್ಮಾ, ಹಾಲು ಹಾಕ್ತಿದ್ರು. ನೋಡು, ನಿನ್ನ ಹೊಲಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಊಹೂಂ" ಅಂದ ಚಂಗಲರಾಯ.

"ಬೇರೆ ತೋರಿಸಲಾ?"

"ಊಹೂಂ."

"ಟೀ ಕುಡೀತೀಯಾ?"

"ಊಹೂಂ."

"ಬಿಸಿಲಲ್ಲಿ ನಿಂತಿದ್ದೀಯ, ನೆರಳಿಗಾದರೂ ಬಾರಪ್ಪ."

"ಊಹೂಂ."

ಬಿಸಿಲಲ್ಲೇ ಗಾಡಿಗಳ ಮುಂದೆ ಒಂದೊಂದಾಗಿ ಕುಕ್ಕರುಗಾಲಲ್ಲಿ ಕೂತ. ಎತ್ತಿಗೆ ಎರಡು ಹಲ್ಲಿದ್ದರೆ ಎಳೇದು, ಎಂಟಾದರೆ ಬಾಯಿಗೂಡಿತು, ವಯಸ್ಸಾಯಿತು ಅಂತ ಲೆಕ್ಕ. ಬಿಳೀ ಪಿಕಪ್ಪಿನ ಮುಂದಿನ ಜಾಲರಿಯ ಪಟ್ಟಿಗಳನ್ನು ಎಣಿಸಿದ. ಎಂಟಕ್ಕಿಂತ ಹೆಚ್ಚಿತ್ತು. ಮೂಲೆಯಲ್ಲಿ ಮರಕ್ಕೆ ಗುದ್ದಿ ಮೂತಿ ಜಜ್ಜಿದ್ದ ಒಂದು ಗಾಡಿ ಬಿದ್ದಿತ್ತು. ಅದಕ್ಕೆ ಎರಡೇ ಪಟ್ಟಿ ಉಳಿದಿದ್ದವು. ಅದರ ಬೆನ್ನು ತಟ್ಟಿ, ನಾಳೆ ಬರ್ತೀನಿ ಅಂತ ಹೇಳಿ ಊರಿಗೆ ಬಂದ.

"ಸಿಕ್ಕಿತಮ್ಮ. ಎರಡೇ ಹಲ್ಲು. ಹೋರಿಕರು."

ಎಲ್ಲ ಕೇಳಿ ಪಿಳ್ಳಮ್ಮ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಮಗನೇ, ಗಾಡಿಗೆ ಎಲ್ಲಿಯ ಹಲ್ಲು? ಇಂಜಿನ್ ಅಲ್ವೇನೋ ಮುಖ್ಯ? ನಾಳೆ ಹೋಗಿ ಇಂಜಿನ್ ಶಬ್ದ ಕೇಳು. ಯಾವುದು ಗೊರಗುಟ್ಟದೆ ಒಂದೇ ಸಮ ಓಡುತ್ತೋ ಅದನ್ನ ಹಿಡಿ. ಬಣ್ಣಗಿಣ್ಣ ಏನೂ ನೋಡಬೇಡ."

"ಆಗಲಮ್ಮ" ಅಂದ. ಮಂಗಳವಾರ ಬಸ್ಸು ಹತ್ತಿದ.

ಅರೋಕ್ಯಪ್ಪನ ಗೇಟು ದಾಟಿದ್ದೇ ಕಣ್ಣು ಮುಚ್ಚಿಕೊಂಡ.

"ಏನಾಯ್ತು ತಮ್ಮಾ, ಕಣ್ಣಿಗೆ ಕಸ ಬಿತ್ತಾ?"

"ಇಲ್ಲಣ್ಣ. ನೋಡಬೇಡ ಅಂದಿದ್ದಾಳೆ ಅಮ್ಮ. ಇಂಜಿನ್ ಹಾಕಿ."

ಅರೋಕ್ಯಪ್ಪ ನಾಲ್ಕಾರು ಗಾಡಿ ಸ್ಟಾರ್ಟ್ ಮಾಡಿಸಿದ. ಚಂಗಲರಾಯ ಕೈ ಚಾಚಿಕೊಂಡು, ಟಯರು ಎಡವಿಕೊಂಡು, ಶಬ್ದ ಕೇಳಿಕೊಂಡು ಹೋದ. ಒಂದು ಗೊರ ಅಂದಿತು, ಬೇಡ. ಇನ್ನೊಂದು ಕೆಮ್ಮಿತು, ಬೇಡ. ಕೊನೆಗೆ ಒಂದು ಕಡೆ ಡುರ್ ಅಂತ ಒಂದೇ ಸಮ ಕೇಳಿಸಿತು. ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದ.

"ಇದೇ ಬೇಕಣ್ಣ."

"ಅದು ಟಯರಿಗೆ ಗಾಳಿ ತುಂಬೋ ಮೆಷಿನ್ನಪ್ಪ."

"ಶಬ್ದ ಚೆನ್ನಾಗಿದೆ."

"ಚೆನ್ನಾಗಿದೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದೀನಿ. ಹೇಗೆ ಓಡಿಸ್ಕೊಂಡು ಹೋಗ್ತೀಯ?"

ಚಂಗಲರಾಯ ಸ್ವಲ್ಪ ಯೋಚಿಸಿದ. "ಅದನ್ನ ಅಮ್ಮ ಹೇಳಿಲ್ಲ. ಕೇಳ್ಕೊಂಡು ಬರ್ತೀನಿ."

ಪಿಳ್ಳಮ್ಮ ಹಣೆ ಬಡಿದುಕೊಂಡಳು. "ಓಡದೇ ಇರೋ ಗಾಡಿ ತಂದು ಪೂಜೆ ಮಾಡ್ತೀಯೇನೋ? ನಾಡಿದ್ದು ಕೊಯ್ಲು ಕಣೋ. ಆಳುಗಳಿಗೆ ಹೇಳಾಗಿದೆ. ಹಣ್ಣು ಕಾಯುತ್ತಾ ನಿನ್ನ ಬುದ್ಧಿ ಬಲಿಯೋ ತನಕ?"

"ಕಾಯಲ್ಲಮ್ಮ."

"ಹಂಗಾದ್ರೆ ಸರಿಯಾಗಿ ಕೇಳಿಸ್ಕೋ. ಕಣ್ಣು ಬಿಟ್ಕೊಂಡು ಹೋಗು. ಒಂದು ಪಿಕಪ್ ಹಿಡಿ. ಭಾರ ಹಾಕು, ಓಡಿಸಿ ನೋಡು. ಭಾರ ತಡೆದರೆ ಆಮೇಲೆ ಮಾತಾಡು. ಅದಕ್ಕೆ ಮುಂಚೆ ಬಾಯಿ ಬಿಡಬೇಡ."

"ಆಗಲಮ್ಮ" ಅಂದ. ಬುಧವಾರ ಮೊದಲ ಬಸ್ಸು ಹತ್ತಿದ.

ಕಣ್ಣು ಬಿಟ್ಟುಕೊಂಡು ಹೋದ. ಎಷ್ಟು ಬಿಟ್ಟಿದ್ದ ಅಂದರೆ ಕಂಡಕ್ಟರ್ ಹೆದರಿಕೊಂಡು ಟಿಕೆಟ್ ಕೊಟ್ಟ.

ಅರೋಕ್ಯಪ್ಪ ಆಗತಾನೆ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. "ಬಾ ತಮ್ಮಾ, ಇವತ್ತೇನಂತೆ?" ಅಂದ. ಚಂಗಲರಾಯ ತುಟಿ ಪಿಟ್ ಅನ್ನಲಿಲ್ಲ. ಸೀದಾ ಹೋಗಿ ಹಳೇ ಟಯರುಗಳನ್ನು ಎತ್ತಿ ಬಿಳೀ ಪಿಕಪ್ಪಿಗೆ ಹಾಕಿದ. ಬ್ಯಾಟರಿಗಳನ್ನು ಹಾಕಿದ. ಸಾಲದು ಅನ್ನಿಸಿತು. ಅರೋಕ್ಯಪ್ಪನ ಕಬ್ಬಿಣದ ಬೀರು ಹಾಕಿದ, ಮೇಜು ಹಾಕಿದ. ಮಂಚದ ಮೇಲೆ ಕಾವಲುಗಾರ ಮಲಗಿದ್ದ. ಮಂಚದ ಸಮೇತ ಅವನನ್ನೂ ಹಾಕಿದ. ಕೀಲಿ ಗಾಡಿಯಲ್ಲೇ ಇತ್ತು. ಗೇಟು ದಾಟಿ ಹೋಗೇಬಿಟ್ಟ.

ಅರೋಕ್ಯಪ್ಪ ಬೀದಿ ತುದಿಯ ತನಕ ಓಡಿದ. ಉಸಿರು ಕಟ್ಟಿ ನಿಂತ. ಜನ ಸೇರಿದರು, ಪೊಲೀಸರಿಗೆ ಹೇಳೋಣ ಅಂದರು. ಅಷ್ಟರಲ್ಲಿ ಆ ಕಡೆಯ ರಸ್ತೆಯಿಂದ ಪಿಕಪ್ ಬಂತು. ಮಂಚದ ಮೇಲೆ ಕಾವಲುಗಾರ ಎದ್ದು ಕೂತು ಎರಡೂ ಕೈಯಲ್ಲಿ ಬೀರು ಹಿಡಿದುಕೊಂಡಿದ್ದ.

ಚಂಗಲರಾಯ ಇಳಿದ. "ನಮಸ್ಕಾರ ಅಣ್ಣ. ಗಾಡಿ ಭಾರ ತಡೀತು. ಈಗ ಮಾತಾಡ್ತೀನಿ."

"ನನ್ನ ಹತ್ರ ಮಾತಾಡಬೇಡ. ನಿಮ್ಮಮ್ಮನ ಹತ್ರ ಹೋಗು. ಬುದ್ಧಿ ಹೇಳಿಸ್ಕೊಂಡು ಬಾ" ಅಂದ ಅರೋಕ್ಯಪ್ಪ.

ಹೇಳಿದರಲ್ಲ, ಎಲ್ಲವನ್ನೂ ಇಳಿಸಿಕೊಟ್ಟು ಊರಿಗೆ ಹೋದ.

ಪಿಳ್ಳಮ್ಮ ಹಣೆ ಬಡಿದುಕೊಳ್ಳಲು ಕೈ ಎತ್ತಿದಳು. ಅರ್ಧಕ್ಕೇ ನಿಲ್ಲಿಸಿದಳು. "ಬೀರು, ಟಯರು, ಆಳು, ಎಲ್ಲ ಹೊತ್ತು ಓಡಿತೇನೋ?"

"ಓಡಿತಮ್ಮ."

"ಹಂಗಾದ್ರೆ ಅದೇ ಗಾಡಿ. ಈಗಲೇ ವಾಪಸ್ ಹೋಗು, ಹನ್ನೊಂದರ ಬಸ್ಸಿದೆ. ಯಾರ ವಸ್ತುವನ್ನೂ ಕೇಳದೆ ಮುಟ್ಟಬೇಡ. ರೇಟು ಬಾಯಲ್ಲಿ ಹೇಳಬೇಡ, ದಲ್ಲಾಳಿಗಳು ಕೇಳಿಸ್ಕೊಂಡು ಏರಿಸ್ತಾರೆ. ಸಂತೆಯಲ್ಲಿ ಮಾಡೋ ಹಾಗೆ ಟವೆಲ್ ಕೆಳಗೆ ಅವನ ಎರಡು ಬೆರಳು ಹಿಡಿ. ಎರಡು ಲಕ್ಷ ಅಂತ ಗೊತ್ತಾಗುತ್ತೆ. ಒಪ್ಪೋ ತನಕ ಬಿಡಬೇಡ."

"ಆಗಲಮ್ಮ" ಅಂದ. ದುಡ್ಡಿನ ಗಂಟು ಸೊಂಟಕ್ಕೆ ಕಟ್ಟಿಕೊಂಡು ಬಸ್ಸು ಹತ್ತಿದ.

ಅರೋಕ್ಯಪ್ಪ ಮೊದಲು ಹೋಗಿ ಬೀರುವಿಗೆ ಅಡ್ಡ ನಿಂತ. ಚಂಗಲರಾಯ ಕೈ ಮುಗಿದ. "ಅಣ್ಣಾ, ನಿಮ್ಮ ಬೆರಳು ಮುಟ್ಟಲಾ?"

"ಯಾಕಪ್ಪ?"

"ಅಮ್ಮ ಹೇಳಿದ್ದಾಳೆ."

"ಮುಟ್ಟು ಮಾರಾಯ. ನನ್ನ ಬೀರು ಮಾತ್ರ ಮುಟ್ಟಬೇಡ."

ಚಂಗಲರಾಯ ಟವೆಲ್ ಹೊದಿಸಿ ಎರಡು ಬೆರಳು ಹಿಡಿದ. ಅರೋಕ್ಯಪ್ಪನಿಗೆ ದನದ ವ್ಯಾಪಾರ ಗೊತ್ತಿಲ್ಲ. "ಏನಿದು?" ಅಂದ. ಇವನು ಇನ್ನೂ ಬಿಗಿಯಾಗಿ ಹಿಡಿದ. ಕಾವಲುಗಾರ ಹಳ್ಳಿಯವನು. "ಎರಡಕ್ಕೆ ಕೇಳ್ತಿದ್ದಾರೆ ಸಾರ್" ಅಂತ ತಿಳಿಸಿದ.

"ಎರಡಕ್ಕೆ ಬರಲ್ಲ. ಎರಡೂವರೆ."

ಬೆರಳು ಬಿಡಲಿಲ್ಲ. ಅರೋಕ್ಯಪ್ಪನಿಗೆ ಫೋನ್ ಬಂತು, ಎಡಗೈಯಲ್ಲಿ ಹಿಡಿದು ಮಾತಾಡಿದ. ಗಿರಾಕಿ ಬಂದರು, ಟವೆಲ್ ಸಮೇತ ಎದ್ದು ಹೋಗಿ ಗಾಡಿ ತೋರಿಸಿದ. ಚಂಗಲರಾಯ ಹಿಂದೆಯೇ ಹೋದ. ಗಿರಾಕಿಗಳು ಇವರಿಬ್ಬರ ಮುಖವನ್ನೂ ಟವೆಲನ್ನೂ ನೋಡಿ, ಆಮೇಲೆ ಬರ್ತೀವಿ ಅಂದರು.

"ಎರಡೂಕಾಲು ಲಕ್ಷ. ಬಿಡಪ್ಪ" ಅಂದ ಅರೋಕ್ಯಪ್ಪ.

ಬಿಡಲಿಲ್ಲ.

ಊಟದ ಡಬ್ಬಿ ಬಂತು. ಅನ್ನ ಸಾರು. ಕಲಸಬೇಕಾದ್ದು ಬಲಗೈ, ಅದು ಟವೆಲ್ ಕೆಳಗಿತ್ತು. ಅರೋಕ್ಯಪ್ಪ ಡಬ್ಬಿ ನೋಡಿದ, ಟವೆಲ್ ನೋಡಿದ.

"ಎರಡು. ತಗೊಂಡು ಹೋಗು."

ಆಗ ಬಿಟ್ಟ. ದುಡ್ಡು ಕೊಟ್ಟ, ಕಾಗದಪತ್ರ ಮಾಡಿಸಿಕೊಂಡ. "ಅಣ್ಣಾ, ಬಾಗಿಲು ಮುಟ್ಟಲಾ? ಸೀಟು ಮುಟ್ಟಲಾ? ಗೇರು ಮುಟ್ಟಲಾ?" ಅಂತ ಒಂದೊಂದನ್ನೂ ಕೇಳಿದ. ಅರೋಕ್ಯಪ್ಪ ಅನ್ನ ಕಲಸುತ್ತಾ ಹೂಂ, ಹೂಂ, ಹೂಂ ಅಂದ.

ಸಂಜೆ ಬಿಳೀ ಪಿಕಪ್ ಮನೆ ಮುಂದೆ ಬಂದು ನಿಂತಿತು. ಪಿಳ್ಳಮ್ಮ ಕೋಲೂರಿಕೊಂಡು ಬಂದು ಸುತ್ತ ನೋಡಿದಳು, ಬಾಗಿಲು ತಟ್ಟಿದಳು. ಮಗನ ತಲೆ ಸವರಿದಳು. ಅವನನ್ನು ಹೊಗಳಿ ಅಭ್ಯಾಸವಿರಲಿಲ್ಲ. ಹಿಂದಕ್ಕೆ ಹೋಗಿ ಒಳಗೆ ಇಣುಕಿದಳು.

"ಅಲ್ವೋ, ಪೇಟೆಯಿಂದ ಖಾಲಿ ಬಂದೆಯಾ? ಎರಡು ಮೂಟೆ ಗೊಬ್ಬರ ಹಾಕ್ಕೊಂಡು ಬರಬಾರದಿತ್ತಾ? ಗಾಡಿ ಇಟ್ಟವರು ಡೀಸೆಲ್ ಸುಟ್ಟು ಖಾಲಿ ಬರ್ತಾರೇನೋ? ಇನ್ನು ಮೇಲೆ ಖಾಲಿ ಗಾಡಿ ಮನೆಗೆ ತರಬೇಡ."

"ಆಗಲಮ್ಮ" ಅಂದ.

ಗುರುವಾರ ಕೊಯ್ಲಾಯಿತು. ಹಣ್ಣು ಕೆಂಪಗೆ, ಗಟ್ಟಿಯಾಗಿ, ಒಂದರ ಹಾಗೆ ಒಂದಿತ್ತು. ಎಂಬತ್ತು ಕ್ರೇಟು ತುಂಬಿದವು. ಹರಾಜಿಗೆ ಮುಂಚೆ ಮಾರ್ಕೆಟ್ ಮುಟ್ಟಬೇಕು ಅಂತ ಪಿಳ್ಳಮ್ಮ ಹೇಳಿದಳು. ಶುಕ್ರವಾರ ಬೆಳಕು ಹರಿಯುವ ಮೊದಲೇ ಚಂಗಲರಾಯ ಹೊರಟ.

ಮಧ್ಯಾಹ್ನ ಗಾಡಿಯ ಶಬ್ದ ಕೇಳಿ ಪಿಳ್ಳಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳಿದಳು. "ಹೊತ್ತಿಗೆ ಸರಿಯಾಗಿ ಹೋದೆಯೇನೋ?"

"ಎಲ್ಲರಿಗಿಂತ ಮೊದಲು ಹೋದೆ."

"ರೇಟು?"

"ಈ ವರ್ಷದಲ್ಲೇ ಇಂಥ ರೇಟು ಬಂದಿಲ್ಲವಂತೆ. ನಮ್ಮ ಹಣ್ಣು ನೋಡಿ ಸಾವ್ಕಾರರು ಮೂರು ಜನ ಗಾಡಿ ಹತ್ತಿರಕ್ಕೇ ಬಂದರು."

ಪಿಳ್ಳಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಒಂದು ಲೋಟ ಮಜ್ಜಿಗೆ ತುಂಬಿಕೊಂಡು ಹೊರಗೆ ಬಂದಳು. ಗಾಡಿ ನೋಡಿದಳು.

"ಇದೇನೋ ಇದು?"

"ಹಮಾಲಿಗಳು ಇಳಿಸ್ತೀವಿ ಅಂತ ಬಂದರಮ್ಮ. ಬಹಳ ಜಗಳ ಮಾಡಿದರು. ನಾನು ಬಿಡಲಿಲ್ಲ. ಇಳಿಸಿದ್ದರೆ ಗಾಡಿ ಖಾಲಿ ಆಗಿಬಿಡ್ತಿತ್ತು."

ಪಿಳ್ಳಮ್ಮ ಹಣೆ ಬಡಿದುಕೊಳ್ಳಲಿಲ್ಲ. ಮಜ್ಜಿಗೆ ಲೋಟ ಕಟ್ಟೆ ಮೇಲಿಟ್ಟಳು.

"ಹಿಂದುಗಡೆ ಮೂಲೆಯಲ್ಲಿ ಸ್ವಲ್ಪ ಜಾಗ ಖಾಲಿ ಇತ್ತಮ್ಮ. ಯಾರೋ ಕೊಳೆತ ಹಣ್ಣು ಅಂತ ಬಿಟ್ಟುಹೋಗಿದ್ದರು. ಕೇಳಿಯೇ ತಗೊಂಡೆ" ಅಂದ.

ಪಿಳ್ಳಮ್ಮ ಕೋಲೂರಿಕೊಂಡು ಹೋಗಿ ಕ್ರೇಟುಗಳನ್ನು ಎಣಿಸಿದಳು. ಎಂಬತ್ತೊಂದು ಇದ್ದವು.