ಅಳಿಸಿ ಎಸೆದ ಅಲೆಗಳು

“ಗುರುಗಳೇ, ಧ್ಯಾನಕ್ಕೆ ಕೂತರೆ ಸಾಕು, ತಮ್ಮನ ಮೇಲಿನ ಸಿಟ್ಟು ಎದ್ದು ಬರುತ್ತದೆ. ಒರೆಸಿ ಹಾಕುತ್ತೇನೆ, ಮತ್ತೆ ಬರುತ್ತದೆ. ಇಷ್ಟು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ನಾನು ಮಠ ಬಿಟ್ಟು ಹೋಗಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಹೋಗು, ಬಾಗಿಲಿಗೆ ಯಾರೂ ಅಡ್ಡ ಮಲಗಿಲ್ಲ. ಒಂದು ಕತೆ ಕೇಳಿಕೊಂಡು ಹೋಗು” ಎಂದು ಹೇಳತೊಡಗಿದರು.

ಒಬ್ಬಳು ವಿಜ್ಞಾನಿ ಇದ್ದಳು. ಬಹುದೂರದ ನಕ್ಷತ್ರಲೋಕವೊಂದರಿಂದ ಬರುವ ರೇಡಿಯೋ ಅಲೆಗಳನ್ನು ರೇಡಿಯೋ ದೂರದರ್ಶಕದಲ್ಲಿ ಹಿಡಿದು, ಅದರ ಚಿತ್ರ ಮೂಡಿಸುವುದು ಅವಳ ಕೆಲಸ. ಆದರೆ ಅವು ನೆಲಕ್ಕಿಳಿಯುವ ಮೊದಲು ವಾಯುಮಂಡಲದ ತೀರ ಮೇಲಿನ ಪದರವನ್ನು ದಾಟಬೇಕು. ಆ ಪದರದಲ್ಲೂ ಅಲೆ ಏಳುತ್ತದೆ. ಹಂಡೆಯ ನೀರು ಅಲುಗಿದರೆ ತಳದಲ್ಲಿ ಬಿದ್ದ ಉಂಗುರವೂ ಅಲುಗಿದಂತೆ ಕಾಣುತ್ತದಲ್ಲ, ಹಾಗೆ ಅವಳ ನಕ್ಷತ್ರಲೋಕ ನಡುಗುತ್ತಿತ್ತು.

ಅವಳು ಕೈಕಟ್ಟಿ ಕೂರುವವಳಲ್ಲ. ದಿನವೂ ಆ ನಡುಕವನ್ನು ಕೂದಲೆಳೆಯಷ್ಟೂ ಬಿಡದೆ ಅಳೆದು ಚಿತ್ರದಿಂದ ಕಳೆಯುತ್ತಿದ್ದಳು. ಆಮೇಲೆ ಅಳತೆಯನ್ನೂ ಅಳಿಸಿಬಿಡುತ್ತಿದ್ದಳು. ಮನೆ ಗುಡಿಸಿದವರು ಕಸ ಇಟ್ಟುಕೊಳ್ಳುತ್ತಾರೆಯೇ? ಮರುದಿನ ನಡುಕ ಬೇರೆಯದೇ ರೀತಿಯಲ್ಲಿ ಬರುತ್ತಿತ್ತು. ಎಷ್ಟು ಕಳೆದರೂ ಒಂದಿಷ್ಟು ನಡುಕ ಉಳಿದೇ ಇರುತ್ತಿತ್ತು, ಚಿತ್ರ ತಿಳಿಯಾಗಲೇ ಇಲ್ಲ. ದೂರದರ್ಶಕವನ್ನು ಬಳಸಲು ಅವಳಿಗೆ ಕೊಟ್ಟಿದ್ದ ಅವಧಿ ಮುಗಿಯುತ್ತಾ ಬಂತು. ವರ್ಷಗಳ ದುಡಿಮೆ ಮಣ್ಣುಪಾಲಾಯಿತೆಂದು ಅವಳು ಅತ್ತಳು.

ಗಾಳಿ, ಮೋಡಗಳ ಅಧ್ಯಯನ ಮಾಡುತ್ತಿದ್ದ ಗೆಳತಿಯೊಬ್ಬಳು ಅವಳನ್ನು ಸಮಾಧಾನಪಡಿಸಲು ಬಂದಳು. ಪರದೆಯ ಮೇಲಿನ ಅಂಕುಡೊಂಕು ಗೆರೆ ನೋಡಿ, “ಇದೇನೇ ಇದು?” ಎಂದಳು.

“ಆ ಮೇಲಿನ ಪದರದ ಹಾಳು ನಡುಕ. ಅಳಿಸ್ತಿದ್ದೀನಿ.”

“ಕೈ ತೆಗಿಯೇ ಮಾರಾಯ್ತಿ! ಅಷ್ಟು ಎತ್ತರಕ್ಕೆ ನಮ್ಮ ಬಲೂನೂ ಹೋಗಲ್ಲ. ಅಲ್ಲಿನ ಅಲೆ ನೋಡೋಕೆ ನಾವು ಒದ್ದಾಡ್ತಿದ್ದೀವಿ. ನೀನು ದಿನಾ ಅಳೆದು ಅಳೆದು ಎಸೀತಿದ್ದೀಯಲ್ಲೇ!”

ಇಬ್ಬರೂ ಕೂತು ಆ ಗೆರೆಯ ಜಾಡು ಹಿಡಿದರು. ಅಲೆ ಹುಟ್ಟಿದ್ದು ಮೇಲೆ ಅಲ್ಲವೇ ಅಲ್ಲ. ದೂರದ ಕಡಲಿನಲ್ಲಿ ಎದ್ದ ಬಿರುಗಾಳಿಯೊಂದು ಅದನ್ನು ಕೆಳಗಿನಿಂದ ಅಷ್ಟೆತ್ತರಕ್ಕೆ ತಳ್ಳಿತ್ತು. ಅದು ಎಲ್ಲಿಂದ ಬರುತ್ತದೆ, ಯಾವ ಕಡೆ ಸಾಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಸರಿಯಾಗಿ ಕಳೆಯುವುದೂ ಗೊತ್ತಾಯಿತು. ನಕ್ಷತ್ರಲೋಕ ಮೊದಲ ಸಲ ನಿಂತು ಕಾಣಿಸಿತು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವಳ ಅಲೆಗೆ ಬಿರುಗಾಳಿ ಎಂಬ ಮೂಲವಿತ್ತು, ಗುರುಗಳೇ. ನನ್ನದು ಬರೀ ಸಿಟ್ಟು. ಅದಕ್ಕೆಲ್ಲಿಯ ಮೂಲ?” ಎಂದ.

ಗುರುಗಳು ಹೇಳಿದರು: “ತಾನು ಪ್ರೀತಿಸದವನ ಮೇಲೆ ಯಾರಾದರೂ ಇಷ್ಟು ವರ್ಷ ಸಿಟ್ಟಾಗಿರುತ್ತಾರೆಯೇನಪ್ಪಾ?”