ಸಾಕಪ್ಪನ ಕಟ್ಟೆ

ಕೆಂಚನಕೆರೆ ಊರಿನ ಮೂಡಣಕ್ಕೆ, ನೂಲಿನ ಗಿರಣಿಯ ಹಳೆಯ ಗೋಡೆ ಮುಗಿದು ಕೆರೆಯಂಗಳ ಶುರುವಾಗುವಲ್ಲಿ, ಮೊಣಕಾಲೆತ್ತರದ ಇಟ್ಟಿಗೆಯ ಕಟ್ಟೆಯೊಂದಿದೆ. ಉದ್ದ ಸುಮಾರು ಮೂವತ್ತು ಹೆಜ್ಜೆ. ಗಾರೆಯಿಲ್ಲ, ಸುಣ್ಣವಿಲ್ಲ, ನಡುವೆ ಒಂದು ಕಡೆ ಸೊಂಟ ಉಳುಕಿದವರ ಹಾಗೆ ವಾಲಿದೆ. ಪಕ್ಕದ ನೀಲಿ ಹಲಗೆಯ ಮೇಲೆ 'ಸಾಕಪ್ಪನ ಕಟ್ಟೆ' ಎಂದು ಬರೆದಿದೆ. ಸಾಕಪ್ಪ ಯಾರು, ಪಾಳೆಯಗಾರನೋ ಶರಣನೋ ಎಂದು ಹೊಸಬರು ಕೇಳುತ್ತಾರೆ. ಹೋದ ವರ್ಷ ಯಾರೋ ಭಕ್ತರು ಒಂದು ಮೂಲೆಗೆ ಕುಂಕುಮವನ್ನೂ ಹಚ್ಚಿ ಹೋದರು. ಊರ ಹಿರಿಯರಿಗೆ ಹೇಳಿ ಹೇಳಿ ಸಾಕಾಗಿದೆ: ಸಾಕಪ್ಪನೆಂಬ ಮನುಷ್ಯ ಇಲ್ಲಿ ಹುಟ್ಟಿಯೇ ಇರಲಿಲ್ಲ, ಆ ಹೆಸರು ಬಂದದ್ದು ಸೌರಮ್ಮನ ಬಾಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಗಿರಣಿಯ ಸೈರನ್ನಿಗೆ ಊರೆಲ್ಲ ಏಳುತ್ತಿದ್ದ ಕಾಲದಲ್ಲಿ, ಬೇಸಿಗೆಗೆ ಕೆರೆ ಬತ್ತಿತೆಂದರೆ ಅಂಗಳವೇ ಫುಟ್ಬಾಲ್ ಮೈದಾನವಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಉಂಡ ಕೈ ಒಣಗುವ ಮೊದಲೇ ಏರಿಯ ಮೇಲೆ ಸೈಕಲ್ಲುಗಳ ಸಾಲು, ಕಡಲೆಕಾಯಿಯ ಪೊಟ್ಟಣ, ಕೇಕೆ, ಬೈಗುಳ. ಗಿರಣಿಯವರಿಗೂ ರೈಲ್ವೆ ಕಾಲೊನಿಯವರಿಗೂ ಬದ್ಧ ಪೈಪೋಟಿ. ಆಡುವವರಲ್ಲಿ ಬೂಟಿದ್ದವರು ಇಬ್ಬರೋ ಮೂವರೋ. ಉಳಿದವರು ಕಾಲಿಗೆ ಬಟ್ಟೆ ಬಿಗಿದುಕೊಂಡು ಓಡುವುದು. ಗೋಲೆಂದರೆ ಎರಡು ಬಿದಿರು ಗಳ, ಮೇಲೊಂದು ಹಗ್ಗ. ಹಿಂದೆ ಬಲೆಯಿಲ್ಲ. ಬಲೆಯಿರಬೇಕಾದಲ್ಲಿ ಇದ್ದದ್ದು ಸೌರಮ್ಮನ ಹಸಿ ಇಟ್ಟಿಗೆಗಳು.

ಕೆರೆಯ ಜೇಡಿಮಣ್ಣಿನಲ್ಲಿ ಇಟ್ಟಿಗೆ ಕೊಯ್ದು, ಒಣಗಿಸಿ, ಗೂಡು ಸುಡುವುದು ಅವಳ ಕಸುಬು. ತಾಯಿ ಕಾಲದಿಂದಲೂ ಅಂಗಳದ ಆ ಮೂಲೆ ಅವರದೇ. ಗೋಲಿಗೆ ಹೊಕ್ಕ ಚೆಂಡೆಲ್ಲ ನೇರ ಇಟ್ಟಿಗೆಯ ಸಾಲಿಗೆ. ಅದರ ಹಿಂದೆಯೇ ಹೆಕ್ಕಲು ಬಂದವರ ಕಾಲು. ಗೋಳೇನೆಂದರೆ, ಗಿರಣಿಯ ಗೋಲ್‌ಕೀಪರ್ ಅವಳ ಗಂಡ ಇನ್ನಾಸಪ್ಪನೇ. ಆರು ದಿನ ನೂಲಿನ ಎಳೆ ತಪ್ಪದಂತೆ ಹಿಡಿಯುವ ಕೈಗೆ ಭಾನುವಾರ ಅಷ್ಟು ದೊಡ್ಡ ಚೆಂಡು ಸಿಗುತ್ತಿರಲಿಲ್ಲ. "ಮುಂದಿನ ವಾರ ಒಂದನ್ನೂ ಬಿಡೋದಿಲ್ಲ ಕಣೆ" ಎಂದು ಅವನು ಪ್ರತಿ ವಾರವೂ ಹೇಳುತ್ತಿದ್ದ. ಅವಳು ಮುರಿದದ್ದನ್ನು ಮತ್ತೆ ಕಲಸುತ್ತಿದ್ದಳು.

ಆ ವರ್ಷ ಊರಿಗೆ ಹೆರಿಗೆ ಆಸ್ಪತ್ರೆ ಮಂಜೂರಾಗಿ, ಇಟ್ಟಿಗೆಯನ್ನು ಸೌರಮ್ಮನಿಗೇ ಹೇಳಿದ್ದರು. ಹತ್ತು ಮೈಲಿಯಾಚೆಯ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುವಾಗ ದಾರಿಯಲ್ಲೇ ಮೊದಲ ಮಗುವನ್ನು ಕಳೆದುಕೊಂಡವಳು ಅವಳು. ಮಳೆಗೆ ಮೊದಲು ಗೂಡು ಸುಟ್ಟೇ ತೀರಬೇಕೆಂದು ಹಟ ಹಿಡಿದಿದ್ದಳು. ಫೈನಲ್ ಪಂದ್ಯವೂ ಮಳೆಗೆ ಮೊದಲೇ ಆಗಬೇಕಿತ್ತು. ಆ ಭಾನುವಾರ ಏರಿಯ ಮೇಲೆ ಜಾಗ ಸಾಲದೆ ಜನ ಗೋಲಿನ ಹಿಂದಕ್ಕೆ ನುಗ್ಗಿದರು. ಅವಳು ಒಬ್ಬೊಬ್ಬರನ್ನೇ ಕೈಹಿಡಿದು ಆಚೆ ಕಳಿಸುತ್ತಿದ್ದಳು. ಅಷ್ಟರಲ್ಲಿ ಈಚೆ ನಾಲ್ವರು ಇಟ್ಟಿಗೆಯ ಮೇಲೆ ಹತ್ತಿ ನಿಂತಿರುತ್ತಿದ್ದರು. ಕೊನೆಗೆ ರೈಲ್ವೆಯವರಿಗೆ ಪೆನಾಲ್ಟಿ ಸಿಕ್ಕಿತು. ನೋಡಲೆಂದು ಇಡೀ ಗುಂಪು ಒಮ್ಮೆಗೇ ಮುಂದಕ್ಕೆ ಬಂತು. ಕಾಲಡಿಯಲ್ಲಿ ಎರಡು ತಿಂಗಳ ದುಡಿಮೆ ಪಿಚಪಿಚನೆ ಒಡೆಯಿತು.

ಸೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕಿಳಿದಳು. ಒದೆಯಲು ಇಟ್ಟಿದ್ದ ಚೆಂಡನ್ನು ಎತ್ತಿಕೊಂಡು ಹೋಗಿ, ಗೋಲಿನ ನಟ್ಟನಡುವೆ ಅದರ ಮೇಲೆಯೇ ಕುಳಿತಳು. "ಸಾಕಪ್ಪಾ ಸಾಕು!" ಎಂದಳು. ಆ ಕೂಗು ಏರಿಯಾಚೆಗೂ ಕೇಳಿತಂತೆ.

ರೆಫರಿ ವಾಮನರಾಯರು ಸೀಟಿ ಊದಿದರು. "ಅಮ್ಮಾ, ಇನ್ನು ಐದೇ ನಿಮಿಷದ ಆಟ."

"ಸಾಕಪ್ಪಾ ಸಾಕು."

ಇನ್ನಾಸಪ್ಪ ನಾಚಿಕೆಯಿಂದ ಬಗ್ಗಿ, "ಏಳೇ, ಜನ ನೋಡ್ತಾರೆ" ಎಂದ.

"ನೋಡಲಿ. ನಿಮ್ಮ ಕೈಗೆ ಚೆಂಡು ಸಿಗಲ್ಲ, ನನ್ನ ಕೈಗೆ ಇಟ್ಟಿಗೆ ಉಳಿಯಲ್ಲ. ತುಳಿದವರೇ ಮಣ್ಣು ಕಲಸಿ, ಕೊಯ್ದು ಕೊಡಲಿ. ಗೋಲಿನ ಹಿಂದೆ ಒಂದು ಕಟ್ಟೆ ಏಳಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಒದೀರಿ."

ಯಾರೋ ನಕ್ಕರು. ಅವಳ ಕಣ್ಣಲ್ಲಿ ನೀರು ಕಂಡ ಮೇಲೆ ಯಾರೂ ನಗಲಿಲ್ಲ. ಮೊದಲು ಮಣ್ಣಿಗಿಳಿದದ್ದು ಪೆನಾಲ್ಟಿ ಒದೆಯಬೇಕಿದ್ದ ರೈಲ್ವೆಯ ಹುಸೇನಪ್ಪ. ಅವನ ಹೆಂಡತಿ ತುಂಬು ಬಸುರಿ. ಹೊತ್ತು ಮುಳುಗುವವರೆಗೆ ಎರಡೂ ತಂಡದವರು ಹೆಗಲಿಗೆ ಹೆಗಲು ಕೊಟ್ಟು ಜೇಡಿ ತುಳಿದರು. ಆಮೇಲೂ ಮೂರು ವಾರ, ದಿನದ ಪಾಳಿ ಮುಗಿಸಿದವರೆಲ್ಲ ಬಂದು ದುಡಿದರು. ಅವರು ಕೊಯ್ದ ಸೊಟ್ಟ ಇಟ್ಟಿಗೆಗಳನ್ನು ಕಂಡು ಸೌರಮ್ಮನಿಗೆ ಇನ್ನಷ್ಟು ತಲೆನೋವಾಯಿತು. ಮುಂಗಾರಿಗೆ ಎರಡು ದಿನ ಮೊದಲು ಸುಟ್ಟ ಗೂಡಿನಿಂದ ಇಟ್ಟಿಗೆ ಇಳಿಯಿತು. ಒಳ್ಳೆಯವು ಆಸ್ಪತ್ರೆಗೆ ಹೋದವು, ಹೋಗಲಾರದವು ಕಟ್ಟೆಯಾದವು. ಮಾರನೆಯ ದಿನವೇ ಉಳಿದ ಐದು ನಿಮಿಷದ ಆಟ ನಡೆಯಿತು. ಹುಸೇನಪ್ಪ ಒದ್ದ, ಇನ್ನಾಸಪ್ಪ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಗಿ ಕಟ್ಟೆಗೆ ಬಡಿದು ವಾಪಸ್ಸು ಬಂತು. ಕಟ್ಟೆಯ ಮೇಲೆ ಕುಳಿತು ಜೀವನದಲ್ಲೇ ಮೊದಲ ಬಾರಿ ಆಟ ನೋಡುತ್ತಿದ್ದ ಸೌರಮ್ಮ ದಡಕ್ಕನೆ ಎದ್ದು, "ಅಯ್ಯೋ, ಬಲಗಡೆ ಅಲ್ವೇನ್ರೀ!" ಎಂದು ಚೀರಿದಳು. ಗಿರಣಿ ಸೋತಿತು. ಅಂದಿನಿಂದ ಒಂದು ಪಂದ್ಯವನ್ನೂ ಅವಳು ತಪ್ಪಿಸಲಿಲ್ಲ, ಗಂಡನನ್ನು ಬೈಯುವುದನ್ನೂ ಬಿಡಲಿಲ್ಲ ಎನ್ನುತ್ತಾರೆ.

ಈಗ ಗಿರಣಿಯೂ ಇಲ್ಲ, ಪಂದ್ಯಗಳೂ ಇಲ್ಲ. ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದವರಿಗೆ ಇಟ್ಟಿಗೆಗಳ ಮೇಲೆ ಹಿಮ್ಮಡಿ, ಹೆಬ್ಬೆರಳುಗಳ ಅಚ್ಚು ಕಾಣುತ್ತದೆ. ಅರೆ ಒಣಗಿದ್ದಾಗ ತುಳಿತಕ್ಕೆ ಸಿಕ್ಕಿಯೂ ಒಡೆಯದೆ ಉಳಿದವು ಅವು. ಅಂದು ಮೈದಾನದಲ್ಲಿದ್ದ ಮುದುಕರು ಮೊಮ್ಮಕ್ಕಳನ್ನು ಕರೆತಂದು, ಚಪ್ಪಲಿ ಬಿಟ್ಟು, ಅಚ್ಚಿನಲ್ಲಿ ಪಾದ ಇಟ್ಟು ತೋರಿಸುತ್ತಾರೆ. ಸುಟ್ಟ ಇಟ್ಟಿಗೆ ಕುಗ್ಗುವುದರಿಂದ ಯಾರ ಪಾದವೂ ಯಾವ ಅಚ್ಚಿಗೂ ಹೊಂದುವುದಿಲ್ಲ. ಆದರೂ ಅದು ತನ್ನದೇ, ನಿನ್ನದಲ್ಲ ಎಂದು ಜಗಳವಾಡುತ್ತಾ ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲೇ ನಿಂತಿರುತ್ತಾರೆ.