ಬಡಗಣ ಬಾಗಿಲ ಕೈಗುರುತು

“ಗುರುಗಳೇ, ಹದಿನೆಂಟು ವರ್ಷದಿಂದ ಒಂದೇ ರೂಪವನ್ನು ಧ್ಯಾನಿಸುತ್ತಿದ್ದೇನೆ. ಆ ಕಣ್ಣು, ಆ ನಗೆ, ಆ ಪಾದ, ಒಂದು ಗೆರೆಯೂ ತಪ್ಪದಂತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೂ ಸ್ವಾಮಿ ಏಕೆ ಬರಲಿಲ್ಲ?”

ಹೀಗೆ ಕೇಳಿದವನು ಅಚ್ಯುತದಾಸ. ಆಶ್ರಮದಲ್ಲಿ ಅವನಷ್ಟು ನಿಷ್ಠೆಯಿಂದ ಧ್ಯಾನಕ್ಕೆ ಕೂರುವವರು ಬೇರೆ ಇರಲಿಲ್ಲ. ಗುರುಗಳು ಕರುಣೆಯಿಂದ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಕೇಳು ಮಗು. ಕೋಟೆ ಕಟ್ಟಿದ ಒಂದು ಹಳೆಯ ಪಟ್ಟಣವಿತ್ತು. ಅದರ ಬಡಗಣ ಬಾಗಿಲಲ್ಲಿ ಒಂದು ಪದ್ಧತಿ. ಪಟ್ಟಣ ಬಿಟ್ಟು ದೂರ ಹೋಗುವವನು ಸುಣ್ಣದ ನೀರಿನಲ್ಲಿ ಬಲಗೈ ಅದ್ದಿ, ಬಾಗಿಲ ಪಕ್ಕದ ಗೋಡೆಗೆ ಒತ್ತಬೇಕು. ‘ದೇವರೇ, ಇವನನ್ನು ತಿರುಗಿ ಕಳುಹಿಸು’ ಎಂದು ಮನೆಯವರು ಆ ಗುರುತಿಗೆ ಕೈಮುಗಿಯಬೇಕು. ಅವನು ಮರಳಿ ಬಂದ ದಿನ ಅದರ ಮೇಲೆ ಕೈ ಇಟ್ಟು ತೋರಿಸಬೇಕು. ಕೈ ಸರಿಹೊಂದಿದರೆ ಬಾಗಿಲು ಕಾಯುವವನು ಒದ್ದೆ ಬಟ್ಟೆಯಿಂದ ಗುರುತನ್ನು ಒರೆಸಿ ಒಳಗೆ ಬಿಡುವನು. ಹೊಂದದಿದ್ದರೆ ಬಂದ ದಾರಿ ಹಿಡಿಯಬೇಕು. ಹೋದವನ ಹೊರತು ಬೇರೆ ಯಾರ ಅಂಗೈಯೂ ಗುರುತಿನ ಮೇಲೆ ಬೀಳಕೂಡದು. ಹೀಗಾಗಿ ಆ ಗೋಡೆಯ ಮೇಲೆ ಇದ್ದದ್ದು ಇನ್ನೂ ಬಾರದವರ ಕೈಗಳು ಮಾತ್ರ.

ಅಲ್ಲೊಬ್ಬ ಕಮ್ಮಾರ. ದಂಡು ಹೊರಟಾಗ ಕುದುರೆಗಳಿಗೆ ಲಾಳ ಕಟ್ಟಲು ಅವನನ್ನೂ ಕರೆದೊಯ್ದರು. ಆಗ ಮದುವೆಯಾಗಿ ಎರಡು ವರ್ಷ. ಅವನು ಗೋಡೆಗೆ ಕೈ ಒತ್ತಿದ. ಹೆಂಡತಿ ಕೈಮುಗಿದಳು.

ದಂಡು ಚದುರಿತು. ಅವನು ಬರಲಿಲ್ಲ. ಕಾಲ ಕಳೆದಂತೆ ವ್ಯಾಪಾರವೆಲ್ಲ ಮೂಡಣ ಬಾಗಿಲಿಗೆ ಹೋಯಿತು. ಬಡಗಣ ಬಾಗಿಲಲ್ಲಿ ಸದ್ದಡಗಿತು. ಕಾಯಲು ಒಬ್ಬ ಮುದುಕ, ದಿನಕ್ಕೊಮ್ಮೆ ಬರಲು ಆ ಹೆಂಗಸು, ಇಷ್ಟೇ.

ಮಳೆಯ ಎರಚಲಿಗೆ ಗೋಡೆಯ ಸುಣ್ಣ ಕರಗುತ್ತಿತ್ತು. ಬೇರೆಯವರ ಗುರುತುಗಳು ಒಂದೊಂದಾಗಿ ಮಾಸಿದವು. ಅವಳು ತನ್ನ ಗಂಡನದನ್ನು ಮಾಸಲು ಬಿಡಲಿಲ್ಲ. ಪುಟ್ಟ ಬಟ್ಟಲಲ್ಲಿ ಸುಣ್ಣ ತಂದು, ಬೆರಳ ತುದಿಯಿಂದ ಮೆಲ್ಲಗೆ ಹಚ್ಚುತ್ತಿದ್ದಳು. ಗೆರೆ ದಾಟಿದರೆ ಅಪಚಾರವಾದೀತೆಂಬ ಭಯ. ಆದ್ದರಿಂದ ಗೆರೆಗಿಂತ ಕೂದಲೆಳೆಯಷ್ಟು ಒಳಗೇ ನಿಲ್ಲಿಸುತ್ತಿದ್ದಳು. ಹಚ್ಚುತ್ತಾ ಮಾತಾಡುವಳು. “ಇವತ್ತು ಹುರುಳಿ ಸಾರು ಮಾಡಿದ್ದೆ. ನಿಮ್ಮ ಪಾಲು ನಾನೇ ಉಂಡೆ, ಕೋಪಿಸಿಕೊಳ್ಳಬೇಡಿ.”

ಮುದುಕ ಅವಳನ್ನು ರೇಗಿಸುತ್ತಿದ್ದ. “ಯಜಮಾನರ ಸಿಂಗಾರ ಮುಗಿಯಿತೇನಮ್ಮಾ? ಸುಣ್ಣ ಒಂದಿಷ್ಟು ಉಳಿಸು, ನನ್ನ ಎಲೆಅಡಿಕೆಗೆ ಬೇಕು.”

“ಅಡಿಕೆ ಕಡಿಯಲು ಹಲ್ಲೆಲ್ಲಿದೆ ತಾತ? ಅದಕ್ಕೂ ಒಬ್ಬರನ್ನು ದಂಡಿನಿಂದ ಕರೆಸಬೇಕು” ಎನ್ನುವಳು. ನಗುತ್ತಲೇ ಕಣ್ಣೊರೆಸಿಕೊಳ್ಳುವಳು.

ನಡುವೆ ಎರಡು ಸಲ ಯಾರೋ ಬಂದು ‘ನಾನೇ ನಿನ್ನ ಗಂಡ’ ಎಂದರು. ಇಬ್ಬರ ಕೈಯೂ ಗುರುತಿಗೆ ಹೊಂದಲಿಲ್ಲ. ಮೋಸದಿಂದ ಕಾಪಾಡಿತೆಂದು ಅವಳು ಆ ಗೋಡೆಗೆ ಅಡ್ಡಬಿದ್ದಳು. ಅಂದಿನಿಂದ ಅವಳ ನಂಬಿಕೆಯೆಲ್ಲ ಆ ಗುರುತಿನ ಮೇಲೆಯೇ ನಿಂತಿತು.

ಇಪ್ಪತ್ತೆರಡನೆಯ ವರ್ಷ ಒಂದು ಮಧ್ಯಾಹ್ನ ಒಬ್ಬ ಬಂದ. ಬೆನ್ನು ಬಾಗಿತ್ತು. ಮುಖದ ತುಂಬ ಸಿಡುಬಿನ ಕಲೆ. ಅವಳನ್ನು ಕಂಡು ಹೊಸ್ತಿಲ ಆಚೆಯೇ ನಿಂತುಬಿಟ್ಟ. “ಬಂದೆ ಕಣೇ” ಎಂದ.

ಆ ದನಿ ಅವಳಿಗೆ ಎಂದೋ ಕೇಳಿದಂತಿತ್ತು. ಆದರೂ ಕಣ್ಣು ತಗ್ಗಿಸಿ, “ಕೈ ಇಡಿ” ಎಂದಳು.

ಅವನು ಇಟ್ಟ. ಗುರುತು ಪೂರ್ತಿ ಮುಚ್ಚಿಹೋಗಿ, ಅವನ ಕೈ ಸುತ್ತಲೂ ಹೊರಗೆ ಉಳಿಯಿತು.

“ನನ್ನವರ ಕೈ ಇದಲ್ಲ” ಎಂದಳು.

ಅವನು ಗೋಡೆಯನ್ನು ನೋಡಿದ. “ಇಷ್ಟು ಸಣ್ಣ ಕೈಯಲ್ಲಿ ಯಾವ ಕಮ್ಮಾರ ಸುತ್ತಿಗೆ ಹಿಡಿದಾನು?” ಎಂದು ನಕ್ಕ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನು ವಾದಿಸಲಿಲ್ಲ. “ಅವನು ಬಂದರೆ, ತಡವಾಯಿತೆಂದು ಬಯ್ಯಬೇಡಮ್ಮಾ. ದಾರಿ ಬಹಳ ದೂರ” ಎಂದು ಹೇಳಿ, ಬಂದ ದಾರಿಯಲ್ಲೇ ಹೊರಟುಹೋದ.

ಅವಳು ಗೆದ್ದಿದ್ದಳು, ಮೂರನೆಯ ಸಲವೂ ಗುರುತು ಅವಳನ್ನು ಕಾಪಾಡಿತ್ತು. ಆದರೆ ಅಳು ನಿಲ್ಲಲಿಲ್ಲ. ಯಾಕೆಂದು ತಿಳಿಯಲಿಲ್ಲ. ಕಣ್ಣೀರಿನಲ್ಲಿ ಏನೂ ಕಾಣದೆ ಆಸರೆಗೆಂದು ಗೋಡೆಗೆ ಕೈ ಕೊಟ್ಟಳು. ಅಂಗೈ ಹೋಗಿ ಆ ಗುರುತಿನ ಮೇಲೆಯೇ ಕೂತಿತು.

ಬೆರಳಿಗೆ ಬೆರಳು ಸೇರಿತು. ಎಲ್ಲೂ ಒಂದಿಷ್ಟು ಎಡೆ ಉಳಿಯಲಿಲ್ಲ.

ಮುದುಕ ಅದನ್ನು ಕಂಡು ಎದ್ದು ನಿಂತ. ಅವನ ಬಾಯಲ್ಲಿ ಈಗ ತಮಾಷೆ ಇರಲಿಲ್ಲ. “ಅಮ್ಮಾ” ಎಂದ, “ಇದು ನಿನ್ನ ಕೈ.”

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಚ್ಯುತದಾಸನಿಗೆ ತನ್ನ ಪ್ರಶ್ನೆಯೇ ಮರೆತುಹೋಗಿತ್ತು. “ಆಮೇಲೆ ಗುರುಗಳೇ? ಅವನು ಅವಳಿಗೆ ಸಿಕ್ಕನೇ?” ಎಂದು ಕೇಳಿದ.

“ಬಟ್ಟಲನ್ನು ಅಲ್ಲೇ ಬಿಟ್ಟು ಅವಳು ಅವನ ಹಿಂದೆ ಓಡಿದಳು ಮಗು, ನೀನಿನ್ನೂ ಸುಣ್ಣ ಹಚ್ಚುತ್ತಾ ಕೂತಿದ್ದೀಯೆ.”